ಹದಿಮೂರು ವರ್ಷದ ಸ್ಲಾಷರ್: ಕೊಡೋದಾ, ಇಟ್ಟುಕೊಳ್ಳೋದಾ?

ಈ ಆಷಾಢದಲ್ಲಿ ಒಂದೇ ವಾರದೊಳಗೆ ಇಬ್ಬರು ಬಂದು, ಟ್ರ್ಯಾಕ್ಟರಿನ ಹಿಂದೆ ಕಟ್ಟಿ ತೋಟದ ಕಳೆ ಸವರುವ ನಮ್ಮ ಸ್ಲಾಷರ್‌ಗೆ ಬೆಲೆ ಕಟ್ಟಿದರು. ಮೊದಲು ಬಂದವರು ಗುಜರಿಯವರು. ಸುತ್ತ ಒಂದು ಸಲ ಓಡಾಡಿ, ಕಣ್ಣಂದಾಜಿನಲ್ಲೇ 300 ಕೆಜಿ ಅಂದು, ಕೆಜಿಗೆ 32ರ ಹಾಗೆ 9,600 ರೂಪಾಯಿ ಎಣಿಸಲು ಹೊರಟರು. ಎರಡನೆಯವರು ಹುಳಿಯಾರು ಕಡೆಯ ರೈತರು, ಆರು ಎಕರೆ ತೆಂಗಿನವರು. 14 ಸಾವಿರದಿಂದ ಶುರು ಮಾಡಿ 16 ಸಾವಿರಕ್ಕೆ ಬಂದು ನಿಂತರು. ನಮ್ಮ ಯಜಮಾನರು ಒಳಗೆ ಬಂದು, "ಕೊಟ್ಬಿಡೋಣ ಕಣೇ. ಹದಿಮೂರು ವರ್ಷ ದುಡಿದೈತೆ, ಇನ್ನೆಷ್ಟು ದಿನ ಬಂದಾತು?" ಅಂದರು. ನಾನು ಒಂದು ವಾರ ಟೈಮ್ ಕೇಳಿದೆ. ಆ ವಾರದಲ್ಲಿ ನೋಡಿದ್ದು, ಬಿಚ್ಚಿದ್ದು, ಲೆಕ್ಕ ಹಾಕಿದ್ದು ಎಲ್ಲ ಇಲ್ಲಿದೆ. ಹಳೇ ಸ್ಲಾಷರ್ ಶೆಡ್ಡಿನಲ್ಲಿ ನಿಲ್ಲಿಸಿಕೊಂಡು ಇದೇ ಯೋಚನೆಯಲ್ಲಿರುವವರು ನಮ್ಮ ಕಡೆ ಬಹಳ ಜನ ಇದ್ದಾರೆ.

ನಮ್ಮದು ಚಿಕ್ಕನಾಯಕನಹಳ್ಳಿ ತಾಲ್ಲೂಕು, ಒಂಬತ್ತು ಎಕರೆ ತೆಂಗು. ಯಜಮಾನರು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು, ಎರಡು ವರ್ಷದ ಹಿಂದೆ ನಿವೃತ್ತರಾದರು. ಅಲ್ಲಿಯವರೆಗೆ ತೋಟ, ಆಳು, ಟ್ರ್ಯಾಕ್ಟರ್ ಎಲ್ಲ ನೋಡಿಕೊಂಡವಳು ನಾನು. ಟ್ರ್ಯಾಕ್ಟರ್ ಮಹೀಂದ್ರಾ 275, 39 ಎಚ್‌ಪಿ. ಅದರ ಹಿಂದೆ ಕಟ್ಟುವ 5 ಅಡಿಯ ಸ್ಲಾಷರನ್ನು 2012ರಲ್ಲಿ ತಿಪಟೂರಿನಿಂದ 42,000 ಕೊಟ್ಟು ತಂದೆವು. ಪಂಜಾಬ್ ಕಡೆ ತಯಾರಾದದ್ದು. ಕಂಪನಿಯ ಪ್ಲೇಟು ಯಾವತ್ತೋ ಉದುರಿ ಹೋಗಿದೆ, ಬಣ್ಣವೂ ಹೋಗಿದೆ.

ಸ್ಲಾಷರ್ ಎಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ದಪ್ಪ ತಗಡಿನ ಬಾಡಿ, ಮೇಲೆ ಗೇರ್ ಬಾಕ್ಸ್, ಅಡಿಯಲ್ಲಿ ಒಂದು ತಟ್ಟೆ, ತಟ್ಟೆಯ ಎರಡು ತುದಿಗೆ ಒಂದೊಂದು ಬ್ಲೇಡು. ಬ್ಲೇಡನ್ನು ಬಿಗಿದು ಕೂರಿಸಿರುವುದಿಲ್ಲ, ಬೋಲ್ಟಿನ ಸುತ್ತ ಆಡುವಂತೆ ಬಿಟ್ಟಿರುತ್ತಾರೆ. ಕಲ್ಲೋ ಬೊಡ್ಡೆಯೋ ತಗುಲಿದರೆ ಹಿಂದಕ್ಕೆ ಮಡಚಿಕೊಂಡು ಬಿಡುತ್ತದೆ. ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರಿನ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ನಮ್ಮ ಗೇರ್ ಬಾಕ್ಸ್ ಬಿಚ್ಚಿದಾಗ ನಾನೇ ಹಲ್ಲು ಎಣಿಸಿದ್ದೇನೆ, ದೊಡ್ಡದಕ್ಕೆ 22, ಚಿಕ್ಕದಕ್ಕೆ 15. ಅಂದರೆ ಬ್ಲೇಡು ನಿಮಿಷಕ್ಕೆ 792 ಸುತ್ತು. ಬೆಂಗಳೂರಿನಲ್ಲಿರುವ ಮಗ ಇದನ್ನೇ ಇಟ್ಟುಕೊಂಡು ಲೆಕ್ಕ ಮಾಡಿ, "ಅಮ್ಮಾ, ಬ್ಲೇಡಿನ ತುದಿ ಗಂಟೆಗೆ 227 ಕಿಲೋಮೀಟರ್ ವೇಗದಲ್ಲಿ ಓಡುತ್ತೆ" ಅಂದ. ಅವತ್ತಿನಿಂದ ಸ್ಲಾಷರ್ ಓಡುವಾಗ ತೋಟದೊಳಗೆ ಒಂದು ನರಪಿಳ್ಳೆ ಕಾಲಿಡಬಾರದು ಅಂತ ಮಾಡಿದ್ದೇನೆ. ಬಾಡಿಯ ಹಿಂದೆ ಮುಂದೆ ಇಳಿಬಿಟ್ಟ ಸರಪಣಿ ಸಾಲು ಅದಕ್ಕೇ ಇರುವುದು, ಕಲ್ಲು ಹಾರದಿರಲಿ ಅಂತ. ಎಷ್ಟೋ ಜನ ಹುಲ್ಲು ಸಿಕ್ಕಿಕೊಳ್ಳುತ್ತದೆ ಅಂತ ಅದನ್ನು ಕಿತ್ತು ಹಾಕಿರುತ್ತಾರೆ. ಸರಪಣಿ ಇಲ್ಲದ ಸ್ಲಾಷರ್ ಓಡುವ ತೋಟದ ಹತ್ತಿರ ನಿಲ್ಲಬೇಡಿ.

ತೋಟವನ್ನು ಉಳುವುದು ಬಿಟ್ಟು ಹೀಗೆ ಸವರುವುದು ಯಾಕೆ ಅಂತಲೂ ಹೇಳಬೇಕು. ತೆಂಗಿನ ಬೇರು ಬುಡದ ಸುತ್ತ ಹರಡಿಕೊಂಡಿರುತ್ತದೆ. ಮಣ್ಣು ಪುಡಿ ಮಾಡುವ ರೋಟವೇಟರ್ ಹೊಡೆದಾಗಲೆಲ್ಲ ಮೇಲಿರುವ ಬೇರು ಕತ್ತರಿಸಿ ಹೋಗುತ್ತದೆ. ಹತ್ತು ವರ್ಷದಿಂದ ನಾವು ಸಾಲಿನ ನಡುವೆ ನೇಗಿಲು ಇಳಿಸಿಲ್ಲ. ಆರಿದ್ರಾ ಮಳೆ ಆದ ಮೇಲೆ ಒಂದು ಸಲ, ಪುಬ್ಬೆಯ ಹೊತ್ತಿಗೆ ಒಂದು ಸಲ, ಚಿತ್ತೆ ಮುಗಿದ ಮೇಲೆ ಒಂದು ಸಲ ಕಳೆ ಸವರುತ್ತೇವೆ. ಸವರಿದ ಹುಲ್ಲು ಅಲ್ಲೇ ಒಣಗಿ ಮುಚ್ಚಿಗೆ ಆಗುತ್ತದೆ. ಬೇಸಿಗೆಯಲ್ಲಿ ಆ ಹೊದಿಕೆ ಸರಿಸಿ ನೋಡಿದರೆ ಅಡಿಯಲ್ಲಿ ಎರೆಹುಳುವಿನ ಹಿಕ್ಕೆ, ತಂಪು ಮಣ್ಣು. ಈ ಮಣ್ಣು ಕಂಡ ಮೇಲೆ ಸ್ಲಾಷರ್ ಇಲ್ಲದ ತೋಟ ಊಹಿಸಿಕೊಳ್ಳುವುದು ನನಗೆ ಕಷ್ಟ.

ಕಾಂಗ್ರೆಸ್ ಗಿಡದ ಮಾತು ಬೇರೆ. ಅದನ್ನು ಹೂ ಬಿಡುವ ಮೊದಲೇ ಸವರಬೇಕು, ಇಲ್ಲದಿದ್ದರೆ ಸ್ಲಾಷರೇ ಬೀಜ ಬಿತ್ತಿದ ಹಾಗೆ. ಸವರಿದರೂ ಬುಡದಿಂದ ಮತ್ತೆ ಚಿಗುರುತ್ತದೆ. ಬೇಲಿ ಸಾಲು, ದಾರಿ ಪಕ್ಕದ್ದನ್ನು ಮಳೆ ಬಿದ್ದ ಮಾರನೆ ದಿನ ಕೈಯಲ್ಲೇ, ಗ್ಲೌಸ್ ಹಾಕಿಕೊಂಡು, ಬೇರು ಸಮೇತ ಕೀಳಿಸುತ್ತೇನೆ. ಯಂತ್ರದಿಂದ ಎಲ್ಲ ಆಗುತ್ತದೆ ಅಂತ ನಂಬಿ ಸ್ಲಾಷರ್ ಕೊಂಡರೆ ನಿರಾಸೆ ಆಗುತ್ತದೆ.

ಹಾಗಿದ್ದರೆ ಮಾರುವ ಯೋಚನೆ ಎಲ್ಲಿಂದ ಬಂತು? ಈ ವರ್ಷ, ಅಂದರೆ 2025ರಲ್ಲಿ, ಕೊಬ್ಬರಿಗೆ ಬೆಲೆ ಬಂತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ಇದ್ದರೆ, ತಿಪಟೂರು ಮಾರುಕಟ್ಟೆಯಲ್ಲಿ ಅದರ ಎರಡರಷ್ಟನ್ನೂ ದಾಟಿತು. ಕೈಯಲ್ಲಿ ದುಡ್ಡು ಆಡಿದಾಗ ಹಳೇದೆಲ್ಲ ಕಣ್ಣಿಗೆ ಹಳೇದಾಗಿಯೇ ಕಾಣುತ್ತದೆ. ಯಜಮಾನರಿಗೆ ಕಾಯಿ ಸುಲಿಯುವ ಯಂತ್ರ ತರಬೇಕು, ಅದಕ್ಕೆ ಅಟ್ಟದ ಕೆಳಗೆ ಸ್ಲಾಷರ್ ನಿಂತಿರುವ ಜಾಗವೇ ಬೇಕು. ಮಗನಿಗೆ ಗರಿ, ಕಳೆ ಎಲ್ಲ ಚೂರು ಮಾಡುವ ಮಲ್ಚರ್ ತರಬೇಕು ಅಂತ ಆಸೆ. ನನ್ನ ಮೈದ ದಿನಾ ಸಂಜೆ ಬಂದು, "ಅತ್ತಿಗೆ, ಹಳೇ ಕಬ್ಬಿಣ ಇಟ್ಕಂಡು ಏನ್ ಮಾಡ್ತೀರಾ? ಬೇಕಾದಾಗ ಬಾಡಿಗೆಗೆ ಕರೆಸಿದ್ರಾಯ್ತು" ಅನ್ನುತ್ತಿದ್ದ. ಮೂವರ ಮಾತಿನಲ್ಲೂ ಸತ್ಯ ಇತ್ತು.

ಮೊದಲು ಯಂತ್ರ ನೋಡಿದೆ. ಲಿಫ್ಟ್ ಎತ್ತಿ, ಎಂಜಿನ್ ಆಫ್ ಮಾಡಿ, ಕೀಲಿ ನನ್ನ ಸೆರಗಿಗೆ ಕಟ್ಟಿಕೊಂಡು, ನಾಲ್ಕೂ ಕಡೆ ತೆಂಗಿನ ದಿಮ್ಮಿ ಕೊಟ್ಟು ಕೂರಿಸಿದೆವು. ಬರೀ ಹೈಡ್ರಾಲಿಕ್ ನಂಬಿಕೊಂಡು ಅಡಿಗೆ ಕೈ ಹಾಕಬಾರದು. ಆಮೇಲೆ ಅಡಿಯ ತಟ್ಟೆಯನ್ನು ಎರಡೂ ಕಡೆ ಹಿಡಿದು ಮೇಲೆ ಕೆಳಗೆ ಅಲುಗಿಸಿದೆ. ಆಟ ಇದ್ದರೆ ಬೇರಿಂಗ್ ಹೋಗಿದೆ ಅಂತ ಅರ್ಥ. ನಮ್ಮದರಲ್ಲಿ ಕೂದಲೆಳೆಯಷ್ಟೂ ಆಟ ಇರಲಿಲ್ಲ. ಬ್ಲೇಡಿನ ಬೋಲ್ಟಿನ ತೂತು ಉರುಟಾಗಿಯೇ ಇದೆಯಾ, ಮೊಟ್ಟೆಯ ಹಾಗೆ ಉದ್ದವಾಗಿದೆಯಾ ನೋಡಬೇಕು. ಒಂದು ಕಡೆ ಸ್ವಲ್ಪ ಸವೆದಿತ್ತು. ಬ್ಲೇಡು ಬದಲಾಯಿಸುವಾಗ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು. ಒಂದು ಹೊಸದು ಒಂದು ಹಳೇದು ಹಾಕಿದರೆ ತೂಕ ತಪ್ಪಿ ಇಡೀ ಯಂತ್ರ ಅದುರುತ್ತದೆ, ಆ ಅದುರಿಗೆ ಬೇರಿಂಗ್ ಹೋಗುತ್ತದೆ.

ಸುತ್ತಿಗೆಯಿಂದ ಬಾಡಿಯ ತಗಡನ್ನು ಗೇಣು ಗೇಣಿಗೆ ಬಡಿಯುತ್ತಾ ಹೋದೆ. ಗಟ್ಟಿ ಇದ್ದ ಕಡೆ ಗಂಟೆಯಂಥ ಸದ್ದು ಬರುತ್ತದೆ, ತುಕ್ಕು ತಿಂದ ಕಡೆ ಮಡಕೆ ಒಡಕಿನ ಸದ್ದು. ಹಿಂದಿನ ಎಡ ಮೂಲೆಯಲ್ಲಿ ಅಂಗೈಯಗಲ ಒಡಕು ಸದ್ದು ಬಂತು. ಹಸಿ ಹುಲ್ಲು ಅಲ್ಲೇ ಮೆತ್ತಿಕೊಂಡು ಒಣಗುತ್ತಿತ್ತು, ನಾವು ಕೆರೆದು ತೆಗೆದಿರಲಿಲ್ಲ. ಅದು ನಮ್ಮ ಅಜಾಗರೂಕತೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗೇರ್ ಆಯಿಲ್. ಪ್ಲಗ್ ಬಿಚ್ಚಿ ತೋರುಬೆರಳು ಅದ್ದಿ, ಬಿಸಿಲಿಗೆ ಹಿಡಿದು, ಹೆಬ್ಬೆರಳಿನಿಂದ ತಿಕ್ಕಿ ನೋಡಬೇಕು. ಹಾಲಿನ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ. ಬೆಳ್ಳಿ ಪುಡಿಯ ಹಾಗೆ ಮಿರಮಿರ ಮಿಂಚಿದರೆ ಹಲ್ಲು ಸವೆಯುತ್ತಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಕಮ್ಮಿಯಾಗಿ ಓಡಿದೆ. ನಮ್ಮದು ಜೇನಿನ ಬಣ್ಣಕ್ಕಿಂತ ಸ್ವಲ್ಪ ಗಾಢ, ಬೆರಳಿನ ಗೆರೆಯಲ್ಲಿ ಒಂದು ಚುಕ್ಕಿ ಮಿಂಚೂ ಇರಲಿಲ್ಲ. ಯಜಮಾನರನ್ನು ಕರೆದು ಅವರ ಬೆರಳಿಗೂ ಹಚ್ಚಿ ತೋರಿಸಿದೆ.

ಗೇರ್ ಬಾಕ್ಸ್ ಇಷ್ಟು ಚೆನ್ನಾಗಿರುವುದಕ್ಕೆ ಕಾರಣ 2019ರಲ್ಲಿ ನಾವು ತಿಂದ ಪೆಟ್ಟು. ಆ ವರ್ಷ ಶ್ರಾವಣದಲ್ಲಿ ಕಳೆಯೊಳಗೆ ಮುಚ್ಚಿಹೋಗಿದ್ದ ತೆಂಗಿನ ಬೊಡ್ಡೆಗೆ ಬ್ಲೇಡು ಹೊಡೆದು, ಒಂದೇ ದಿನ ಎರಡು ಸಲ ಶಾಫ್ಟಿನ ಶಿಯರ್ ಬೋಲ್ಟ್ ತುಂಡಾಯಿತು. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ, "ಗಟ್ಟಿ ಬೋಲ್ಟ್ ಹಾಕ್ತೀನಿ ಅಮ್ಮಾ, ಇನ್ ಮುರಿಯೋದೇ ಇಲ್ಲ" ಅಂದರು. ನಾನೂ ಒಪ್ಪಿದೆ. ಮುರಿಯಲಿಲ್ಲ, ನಿಜ. ಮೂರನೇ ದಿನ ಇನ್ನೊಂದು ಬೊಡ್ಡೆಗೆ ತಾಗಿದಾಗ ಬೋಲ್ಟಿನ ಬದಲು ಗೇರಿನ ಹಲ್ಲು ಮುರಿಯಿತು. ಆ ಸದ್ದು ಮನೆಯ ಪಡಸಾಲೆಯಲ್ಲಿ ಕೂತಿದ್ದ ನನಗೆ ಕೇಳಿಸಿತು. ದೊಡ್ಡ ಗೇರು (ಕ್ರೌನ್), ಚಿಕ್ಕ ಗೇರು (ಪಿನಿಯನ್), ಬೇರಿಂಗು, ಸೀಲು, ಕೂಲಿ ಸೇರಿ 11,500 ಆಯಿತು. ಕಳೆ ಎದೆ ಮಟ್ಟ ಬೆಳೆದು ನಿಂತಿದ್ದಾಗ ಹನ್ನೆರಡು ದಿನ ಯಂತ್ರ ಇಲ್ಲದೆ ಕೂತೆವು.

ಶಿಯರ್ ಬೋಲ್ಟ್ ಇರುವುದೇ ಮುರಿಯಲು. ಅದು ಮುರಿದರೆ ಕೆಲವೇ ರೂಪಾಯಿ, ಉಳಿಯುವುದು ಗೇರ್ ಬಾಕ್ಸ್. ಬೋಲ್ಟಿನ ತಲೆಯ ಮೇಲೆ ಅಂಕಿ ಬರೆದಿರುತ್ತದೆ, ಕಣ್ಣಿಟ್ಟು ನೋಡಿ. 8.8 ಅಂತ ಇದ್ದರೆ ಅದು ಗಟ್ಟಿ ಬೋಲ್ಟು. ನಮ್ಮ ಶಾಫ್ಟಿಗೆ ಬೇಕಾದದ್ದು 4.6, ಮೆತ್ತನೆಯದು. ಅವತ್ತಿನಿಂದ 4.6ರ ಇಪ್ಪತ್ತು ಬೋಲ್ಟನ್ನು ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಸವರುವ ಹಿಂದಿನ ದಿನ ನಾನೇ ತೋಟ ಸುತ್ತಿ, ಬೊಡ್ಡೆ ಇರುವಲ್ಲಿ, ಡ್ರಿಪ್ಪಿನ ವಾಲ್ವ್ ಇರುವಲ್ಲಿ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿ ಬರುತ್ತೇನೆ. ಹೋದ ವರ್ಷ ಮೂರು ಸರದಿಗೂ ಸೇರಿ ಮುರಿದದ್ದು ಒಂದೇ ಬೋಲ್ಟು.

ಆಮೇಲೆ ಮಲ್ಚರ್. ಮಗನ ಮಾತಿಗೆ ಒಬ್ಬ ಡೀಲರ್ ಡೆಮೊ ಕೊಡಲು ಬಂದರು. ಅಡ್ಡಲಾಗಿ ಮಲಗಿದ ದಪ್ಪ ರೋಲರ್, ಅದಕ್ಕೆ ಸುತ್ತಿಗೆಯಂಥ ಬ್ಲೇಡುಗಳ ಸಾಲು. ತೂಕ 480 ಕೆಜಿ ಅಂತ ಹೇಳಿದರು. ಮನಸ್ಸಿನಿಂದ ಹೇಳುತ್ತೇನೆ, ಅದು ಒಳ್ಳೇ ಯಂತ್ರ. ಬಿದ್ದ ಗರಿ, ಎಡಮಟ್ಟೆ, ಎಲ್ಲವನ್ನೂ ಬೆರಳುದ್ದ ಚೂರು ಮಾಡಿ ಹಾಸಿಕೊಂಡು ಹೋಯಿತು. ನಮ್ಮ ಸ್ಲಾಷರ್ ಗರಿಯ ಮೇಲೆ ಹೋದರೆ ಎಡಮಟ್ಟೆ ಹಾಗೇ ಉಳಿಯುತ್ತದೆ, ಗರಿ ಎರಡು ಮೂರು ತುಂಡಾಗಿ ಚದುರುತ್ತದೆ, ಅಷ್ಟೇ. ಆದರೆ ನಮ್ಮ 39 ಎಚ್‌ಪಿ ಟ್ರ್ಯಾಕ್ಟರಿಗೆ ಆ ಮಲ್ಚರ್ ಭಾರ. ಲಿಫ್ಟ್ ಎತ್ತಿದಾಗ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ನಿಲ್ಲದೆ ಹೋಯಿತು. ಒತ್ತು ಕಳೆಯೊಳಗೆ ಇಳಿಸಿದ ತಕ್ಷಣ ಕಪ್ಪು ಹೊಗೆ ಬಂತು, ಎಂಜಿನ್ ನಿಂತುಹೋಗುವ ಹಾಗಾಯಿತು. ಬದುವಿನ ಏರಿನಲ್ಲಿ ಮಣ್ಣನ್ನೇ ಕೆರೆಯಿತು. ಬೆಲೆ 2,10,000. ಅರ್ಧ ಸಹಾಯಧನ ಸಿಕ್ಕರೂ ಕೈಯಿಂದ ಲಕ್ಷದ ಮೇಲೆ ಹೋಗುತ್ತದೆ, ಜೊತೆಗೆ ದೊಡ್ಡ ಟ್ರ್ಯಾಕ್ಟರಿನ ಯೋಚನೆಯೂ ಹಿಂದೆಯೇ ಬರುತ್ತದೆ. ಮಗನಿಗೆ ಅದನ್ನೇ ಹೇಳಿದೆ: ಗರಿ ಪುಡಿ ಮಾಡುವ ಕೆಲಸ ನಮಗೆ ವರ್ಷಕ್ಕೆ ಒಂದು ದಿನದ್ದು. ಆ ಒಂದು ದಿನಕ್ಕೆ ಮಲ್ಚರನ್ನು ಬಾಡಿಗೆಗೆ ಕರೆಸೋಣ, ಅದರದೇ ದೊಡ್ಡ ಟ್ರ್ಯಾಕ್ಟರಿನ ಜೊತೆಗೆ.

ಹಾಗಾದರೆ ಸ್ಲಾಷರನ್ನೂ ಬಾಡಿಗೆಗೇ ಯಾಕೆ ಕರೆಸಬಾರದು? ಮೈದನ ಪ್ರಶ್ನೆ ಅದೇ. ಕಾಗದ ತೆಗೆದುಕೊಂಡು ಅವನ ಎದುರಿಗೇ ಕೂತೆ. ನಮ್ಮದು 30 ಅಡಿ ಅಂತರದ ತೋಟ, ಎಕರೆಗೆ 48 ಮರದ ಲೆಕ್ಕ. ಬುಡದ ಪಾತಿಗೆ ಎರಡೂ ಕಡೆ ಆರಾರು ಅಡಿ ಬಿಟ್ಟರೆ ಸಾಲಿನ ನಡುವೆ 18 ಅಡಿ ಉಳಿಯುತ್ತದೆ, 5 ಅಡಿ ಸ್ಲಾಷರ್ ನಾಲ್ಕು ಸಲ ಓಡಬೇಕು. ತಿರುವು, ಗೂಟ ಎಲ್ಲ ಸೇರಿ ಎಕರೆಗೆ ಒಂದು ಗಂಟೆ ಚಿಲ್ಲರೆ. ಒಂಬತ್ತು ಎಕರೆಗೆ ಹತ್ತು ಗಂಟೆ, ವರ್ಷಕ್ಕೆ ಮೂರು ಸಲ ಅಂದರೆ ಮೂವತ್ತು ಗಂಟೆ. ನಮ್ಮೂರಲ್ಲಿ ಗಂಟೆಗೆ 1,000 ಬಾಡಿಗೆ, ಒಟ್ಟು 30,000. ನಮ್ಮದೇ ಓಡಿಸಿದರೆ ಗಂಟೆಗೆ 4 ಲೀಟರ್ ಡೀಸೆಲ್, 120 ಲೀಟರಿಗೆ ಸುಮಾರು 11,000. ಡ್ರೈವರ್ ಹುಡುಗನಿಗೆ ಮೂರು ದಿನಕ್ಕೆ 2,400. ಬ್ಲೇಡು, ಎಣ್ಣೆ, ಗ್ರೀಸು, ಬೋಲ್ಟು ಸೇರಿ 2,500 ಅಂತ ಇಟ್ಟುಕೊಂಡೆ. ಹದಿನಾರು ಸಾವಿರದ ಒಳಗೆ ಮುಗಿಯುತ್ತದೆ. ಉಳಿಯುವುದು 14,000.

ಹುಳಿಯಾರಿನವರು ಕೊಡುತ್ತೇನೆ ಅಂದದ್ದು 16,000. ಬಾಡಿಗೆಗೆ ಕರೆಸಿದರೆ ವರ್ಷಕ್ಕೆ ಹೆಚ್ಚಿಗೆ ಹೋಗುವುದು ಈ 14,000, ಅಂದರೆ ಮಾರಿದ ದುಡ್ಡು ಒಂದು ವರ್ಷ ಚಿಲ್ಲರೆಗೆ ಸರಿಹೋಗುತ್ತದೆ. ಎರಡನೇ ವರ್ಷದಿಂದ ನಮ್ಮ ಕೈಯಿಂದಲೇ. ಮೈದ ಕಾಗದವನ್ನು ಎರಡು ಸಲ ಓದಿ, "ಟ್ರ್ಯಾಕ್ಟರ್ ಸವೆತ ಹಾಕಿಲ್ಲವಲ್ಲ ಅತ್ತಿಗೆ" ಅಂದ. ಸರಿಯಾದ ಮಾತೇ. ಅದಕ್ಕೆ 4,000 ಕಳೆದೆ. ಆದರೂ ಎರಡು ವರ್ಷಕ್ಕೆ ಸ್ಲಾಷರ್ ತನ್ನ ಬೆಲೆಯನ್ನು ಹುಟ್ಟಿಸಿಕೊಂಡು ಇನ್ನೂ ಉಳಿಸುತ್ತದೆ.

ದುಡ್ಡಿಗಿಂತ ದೊಡ್ಡದು ಹದ. ಮಳೆ ನಿಂತು, ನೆಲ ಚಕ್ರ ಹೂಳದಷ್ಟು ಆರಿ, ಕಾಂಗ್ರೆಸ್ ಗಿಡ ಇನ್ನೂ ಮೊಗ್ಗಿನಲ್ಲಿರುವ ಹೊತ್ತು ಸಿಗುವುದು ನಾಲ್ಕೈದು ದಿನ. ಆ ನಾಲ್ಕೈದು ದಿನವೇ ಊರಿನವರಿಗೆಲ್ಲ ಬಾಡಿಗೆ ಗಾಡಿ ಬೇಕು. ನಮ್ಮ ಓರಗಿತ್ತಿಯ ತೋಟಕ್ಕೆ ಹೋದ ವರ್ಷ ಪುಬ್ಬೆಯಲ್ಲಿ ಹೇಳಿದ ಗಾಡಿ ಬಂದದ್ದು ಹಸ್ತದಲ್ಲಿ. ಅಷ್ಟರಲ್ಲಿ ತೋಟ ಬೆಳ್ಳಗೆ ಹೂ ಬಿಟ್ಟು ನಿಂತಿತ್ತು. ಬಾಡಿಗೆಯವರದ್ದು ತಪ್ಪು ಅನ್ನಲಾರೆ, ಒಂದೇ ಗಾಡಿ ಎಷ್ಟು ತೋಟಕ್ಕೆ ಹೋದೀತು?

ಹೀಗಾಗಿ ಇಟ್ಟುಕೊಂಡೆವು. ಆದರೆ ಎಲ್ಲರೂ ಇಟ್ಟುಕೊಳ್ಳಿ ಅಂತ ಹೇಳಲು ನಾನು ತಯಾರಿಲ್ಲ. ಎರಡು ಮೂರು ಎಕರೆ ಇದ್ದು, ಸ್ವಂತ ಟ್ರ್ಯಾಕ್ಟರ್ ಇಲ್ಲದವರು ಸ್ಲಾಷರ್ ಇಟ್ಟುಕೊಳ್ಳುವುದರಲ್ಲಿ ಅರ್ಥ ಇಲ್ಲ, ಇವತ್ತೇ ಕೊಡಿ. ಗೇರ್ ಆಯಿಲ್ ಬೆಳ್ಳಿ ಮಿಂಚಿದರೆ, ತಟ್ಟೆ ಆಡಿದರೆ, ಗೇರ್ ಬಾಕ್ಸ್ ಕೂತಿರುವ ಜಾಗದ ತಗಡು ಬಿರುಕು ಬಿಟ್ಟಿದ್ದರೆ, ಅದಕ್ಕೆ ಮತ್ತೆ ದುಡ್ಡು ಸುರಿಯಬೇಡಿ. ಮೂಲೆಯ ತಗಡು ಹೋದರೆ ಪ್ಯಾಚ್ ಹಾಕಿಸಬಹುದು, ನಾವೂ 900 ಕೊಟ್ಟು ಹಾಕಿಸಿದೆವು. ಗೇರ್ ಬಾಕ್ಸ್ ಕೂರುವ ಜಾಗ ಹಾಗಲ್ಲ, ಅಲ್ಲಿ ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಬಿದ್ದ ಯಂತ್ರ ಯಾವತ್ತು ಕೈ ಕೊಡುತ್ತದೋ ಹೇಳಲಾಗದು. ಅಂಥದ್ದನ್ನು ಇನ್ನೊಬ್ಬ ರೈತನಿಗೆ ಬಣ್ಣ ಬಳಿದು ಮಾರಲೂ ಬೇಡಿ. ಗುಜರಿಗೆ ಹಾಕಿ.

ಯಜಮಾನರ ಕಾಯಿ ಸುಲಿಯುವ ಯಂತ್ರಕ್ಕೆ ಜಾಗ ಆಯಿತು. ಸ್ಲಾಷರನ್ನು ಹಸುವಿನ ಕೊಟ್ಟಿಗೆಯ ಪಕ್ಕಕ್ಕೆ ಸರಿಸಿ, ಕಲ್ಲಿನ ಮೇಲೆ ಎತ್ತಿ ಕೂರಿಸಿ, ಮೇಲೆ ನಾಲ್ಕು ತಗಡು ಹೊದಿಸಿದ್ದೇವೆ. ಅಡಿಯಲ್ಲಿ ಮೆತ್ತಿದ ಹುಲ್ಲನ್ನು ಓಡಿಸಿದ ದಿನವೇ ಕೆರೆದು, ಸುಟ್ಟ ಎಂಜಿನ್ ಆಯಿಲ್ ಬಳಿಯುವುದು ಅಂತ ಡ್ರೈವರ್ ಹುಡುಗನಿಗೆ ಹೇಳಿದ್ದೇನೆ. ಶಾಫ್ಟಿನ ಜಾಯಿಂಟ್ ಕ್ರಾಸಿಗೆ ಗ್ರೀಸ್ ಹೊಡೆಯುವ ಕೆಲಸ ಯಜಮಾನರು ವಹಿಸಿಕೊಂಡಿದ್ದಾರೆ. ಮೊನ್ನೆ ಆರಿದ್ರಾ ಸರದಿ ಮುಗಿಸಿದೆವು. ಹೊಸ ಬ್ಲೇಡು, ಹೊಸ ಎಣ್ಣೆ, ಒಂದು ಬೋಲ್ಟೂ ಮುರಿಯಲಿಲ್ಲ. ಸವರಿದ ತೋಟದ ತುಂಬ ಹಸಿ ತುಂಬೆಯ ವಾಸನೆ ಇತ್ತು.

ಹುಳಿಯಾರಿನವರಿಗೆ ಫೋನ್ ಮಾಡಿ ಇಲ್ಲ ಅಂತ ಹೇಳುವುದು ನನಗೆ ಕಷ್ಟವಾಯಿತು, ಅಷ್ಟು ದೂರದಿಂದ ಎರಡು ಸಲ ಬಂದಿದ್ದರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅಕ್ಕಾ, ಕಂದಿಕೆರೆ ಹತ್ರ ಇನ್ನೊಂದು ನೋಡಿದೀನಿ, 15 ಹೇಳ್ತಾವ್ರೆ. ನಿಮ್ಗೆ ಪುರುಸೊತ್ತಿದ್ರೆ ಒಂದ್ಸಲ ಬಂದು ನೋಡ್ಕೊಡಿ" ಅಂದರು. ಭಾನುವಾರ ಹೋಗುತ್ತಿದ್ದೇವೆ. ಸುತ್ತಿಗೆ, ಪ್ಲಗ್ ಬಿಚ್ಚುವ ಸ್ಪ್ಯಾನರು, ಕೈ ಒರೆಸಲು ಹಳೇ ಬಟ್ಟೆ, 4.6ರ ನಾಲ್ಕು ಬೋಲ್ಟು ಚೀಲಕ್ಕೆ ಹಾಕಿಟ್ಟಿದ್ದೇನೆ.